ಎಂ340ಐಗೆ ಹೊಸ ಟಯರ್: ಕರಾವಳಿ ಮಳೆಗೂ ದೇವಿಮನೆ ಘಟ್ಟಕ್ಕೂ ಆಗುವಂಥದ್ದು ಯಾವುದು?

ಕಾಳಿದಂಡೆ, ಕಾರವಾರ

ಗಾಡಿ ಬಿಎಂಡಬ್ಲ್ಯು ಎಂ340ಐ ಎಕ್ಸ್‌ಡ್ರೈವ್ (ನಾಲ್ಕೂ ಚಕ್ರ ಓಡಿಸುವಂಥದ್ದು), 387 ಅಶ್ವಶಕ್ತಿ, 500 ಎನ್‌ಎಂ ಟಾರ್ಕ್. ಮುಂದೆ 225/45 ಆರ್18 (ಅಗಲ 225 ಮಿ.ಮೀ., ಗೋಡೆ ಎತ್ತರ ಅದರ ಶೇ. 45, ರಿಮ್ 18 ಇಂಚು), ಹಿಂದೆ 255/40 ಆರ್18, ನಾಲ್ಕೂ ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟಯರ್). ಗೇಜ್ ಹಾಕಿ ನೋಡಿದರೆ ಟ್ರೆಡ್ (ನೆಲ ಮುಟ್ಟುವ ಮೈಯ ಕಾಲುವೆಗಳ ಆಳ) ಮುಂದೆ 3.5 ಮಿ.ಮೀ., ಹಿಂದೆ ನಡುವೆ 3, ಹಿಂದಿನ ಒಳ ಅಂಚಿನಲ್ಲಿ 2ಕ್ಕಿಂತ ಕಡಿಮೆ. ಓಡಾಟ ಹೆಚ್ಚಾಗಿ ಕಾರವಾರ–ಕುಮಟಾ ಹೆದ್ದಾರಿ, ದೇವಿಮನೆ ಹತ್ತಿ ಶಿರಸಿ, ಆಗೀಗ ಅರೆಬೈಲ್ ಘಟ್ಟದ ಮೇಲೆ ಹುಬ್ಬಳ್ಳಿ. ಜೂನ್ ಒಳಗೆ ಬದಲಿಸಬೇಕು.

ಕೇಳುವುದು ಮೂರು. ಮತ್ತೆ ರನ್‌ಫ್ಲ್ಯಾಟೇ ಹಾಕಬೇಕಾ? ‘ಸಮ್ಮರ್ ಟಯರ್’ ಅಂತ ಮಾರುವುದು ನಮ್ಮ ಮಳೆಗೆ ಆಗುತ್ತದಾ, ಆಲ್‌ಸೀಸನ್ ಬೇಕಾ? ಹಿಂದಿನ ಎರಡು ಮಾತ್ರ ಈಗ ಹಾಕಿ, ಮುಂದಿನದು ಬರುವ ವರ್ಷಕ್ಕೆ ಬಿಡಬಹುದಾ?

ಘಟ್ಟದ ಹೆಗಡೆ, ಶಿರಸಿ

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೆ. ‘ಸಮ್ಮರ್’ ಅನ್ನುವ ಹೆಸರು ಯುರೋಪಿನ ಚಳಿಗಾಲಕ್ಕೆ ಎದುರಾಗಿ ಬಂದದ್ದು. ಸುಮಾರು 7 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ ಅನ್ನುವುದಷ್ಟೇ ಅದರ ಅರ್ಥ. ಶಿರಸಿಯ ಡಿಸೆಂಬರ್ ಬೆಳಗಿನಲ್ಲೂ ಆ ಮಟ್ಟಕ್ಕೆ ಇಳಿಯುವುದಿಲ್ಲ, ಕಾರವಾರದ ಮಾತು ಬಿಡಿ. ಮಳೆಗೂ ಈ ಹೆಸರಿಗೂ ಸಂಬಂಧವೇ ಇಲ್ಲ. ಒಳ್ಳೆಯ ಸಮ್ಮರ್ ಟಯರಿನ ರಬ್ಬರಿನಲ್ಲಿ ಸಿಲಿಕಾ ಹೆಚ್ಚು. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿಯುವುದು ಅದೇ. ಆಲ್‌ಸೀಸನ್ ಹಾಕಿದರೆ ಇಲ್ಲಿ ಇಲ್ಲದ ಹಿಮಕ್ಕೆ ದುಡ್ಡು ಕೊಟ್ಟ ಹಾಗೆ. ಅದರ ಟ್ರೆಡ್‌ನ ಸೀಳುಗಳು ಮೇ ತಿಂಗಳಲ್ಲಿ 50 ಡಿಗ್ರಿ ದಾಟಿದ ಡಾಂಬರಿನ ಮೇಲೆ ಈ ಗಾಡಿಯ ತೂಕಕ್ಕೂ ಟಾರ್ಕಿಗೂ ಅಲುಗಾಡುತ್ತವೆ. ವರ್ಷವಿಡೀ ಸಮ್ಮರ್ ಟಯರೇ ಸರಿ.

ಇನ್ನು ಎರಡೇ ಹಾಕುವ ವಿಚಾರ. ಲೆಕ್ಕ ನೋಡಿ. 225/45 ಆರ್18ರ ವ್ಯಾಸ 659.7 ಮಿ.ಮೀ., 255/40 ಆರ್18ರದ್ದು 661.2. ವ್ಯತ್ಯಾಸ ಬರೀ ಒಂದೂವರೆ ಮಿಲಿಮೀಟರ್. ಕಾರ್ಖಾನೆಯವರು ಬೇಕೆಂದೇ ಹೀಗೆ ಹೊಂದಿಸಿದ್ದು, ಎಂತಕ್ಕೆ ಅಂದ್ರೆ ಎಕ್ಸ್‌ಡ್ರೈವ್‌ನಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಶಕ್ತಿ ಹಂಚುವ ಪೆಟ್ಟಿಗೆ) ಒಳಗಿನ ಬಹುಫಲಕ ಕ್ಲಚ್ ಮೂಲಕ. ಮುಂದೆ ಹಿಂದೆ ಸುತ್ತಳತೆ ಬೇರೆ ಆದರೆ ನೇರ ಓಡುವಾಗಲೂ ಆ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಎಣ್ಣೆ ಕಾಯುತ್ತದೆ, ಫಲಕ ಸವೆಯುತ್ತದೆ. ವ್ಯತ್ಯಾಸ ಶೇ. 1ರ ಒಳಗೆ ಇರಬೇಕು ಅನ್ನುವುದು ಎಲ್ಲರೂ ಹಿಡಿಯುವ ಮಿತಿ. ಹೊಸ ಟಯರಿನ ಟ್ರೆಡ್ 7.5ರಿಂದ 8 ಮಿ.ಮೀ., ನಿಮ್ಮ ಮುಂದಿನದು 3.5. ವ್ಯಾಸದಲ್ಲಿ 8–9 ಮಿ.ಮೀ. ಅಂತರ, ಅಂದರೆ ಶೇ. 1.2ರಿಂದ 1.4. ಉಕ್ಕಿನ ಬೆಲ್ಟ್ ಇರುವುದರಿಂದ ಉರುಳುವ ಸುತ್ತಳತೆಯ ವ್ಯತ್ಯಾಸ ಇದಕ್ಕಿಂತ ಕಡಿಮೆ ಬರುತ್ತದೆ ಅಂತ ವಾದ ಮಾಡಬಹುದು, ಒಪ್ಪುವೆ. ಆದರೂ ಟ್ರಾನ್ಸ್‌ಫರ್ ಕೇಸ್ ಪಣಕ್ಕಿಟ್ಟು ಎರಡು ಟಯರ್ ಉಳಿಸುವುದು ಬುದ್ಧಿವಂತಿಕೆ ಅಲ್ಲ. ನಾಲ್ಕೂ ಹಾಕಿ.

ಬೇಲೆಕೇರಿ ಬಂದರು, ಅಂಕೋಲಾ

ಹಿಂಚಕ್ರ ಮಾತ್ರ ಓಡಿಸುವ 330ಐ ಆಗಿದ್ದರೆ ಎರಡೇ ಹಾಕಿದರೂ ನಡೀತಿತ್ತು, ಅಲ್ದಾ ಹೆಗಡೇರೇ?

ಘಟ್ಟದ ಹೆಗಡೆ, ಶಿರಸಿ

ನಡೀತಿತ್ತು, ಹೊಸದು ಹಿಂದೆಯೇ ಇರಬೇಕು ಅನ್ನುವ ಷರತ್ತಿನ ಮೇಲೆ. ನೀರಿನ ಮೇಲೆ ಮುಂಚಕ್ರ ತೇಲಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿಯುತ್ತದೆ. ಹಿಂಚಕ್ರ ತೇಲಿದರೆ ಗಾಡಿ ತಿರುಗಿ ನಿಲ್ಲುತ್ತದೆ.

ತೀರದ ನಾಯ್ಕ, ಕುಮಟಾ

ಟಯರ್ ಆರಿಸುವ ಮುಂಚೆ ಆ ಒಳ ಅಂಚಿನ ಸವೆತದ ವಿಚಾರ ಮುಗಿಸಿ. ಈ ಗಾಡಿಗಳ ಹಿಂಚಕ್ರ ಮೇಲ್ಭಾಗದಲ್ಲಿ ಒಳಗೆ ವಾಲಿರುವಂತೆ ಕಾರ್ಖಾನೆಯಲ್ಲೇ ಕ್ಯಾಂಬರ್ ಕೊಟ್ಟಿರುತ್ತಾರೆ. ಹಾಗಾಗಿ ಒಳಗಡೆ ಸ್ವಲ್ಪ ಹೆಚ್ಚು ಸವೆಯುವುದು ಸಹಜ. ನಡುವೆ 3 ಇದ್ದು ಒಳಗೆ 2ಕ್ಕಿಂತ ಕೆಳಗೆ ಹೋಗಿದ್ದರೆ ಕ್ಯಾಂಬರ್ ಒಂದೇ ಅಲ್ಲ, ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಕೂಡ ತಪ್ಪಿದೆ. ಕ್ಯಾಂಬರ್‌ಗಿಂತ ಟೋ ತಪ್ಪಿದಾಗ ಟಯರ್ ಬೇಗ ತಿನ್ನುತ್ತದೆ, ಎಂತಕ್ಕೆ ಅಂದ್ರೆ ಚಕ್ರ ಉರುಳುತ್ತಲೇ ಪಕ್ಕಕ್ಕೆ ಎಳೆಸಿಕೊಳ್ಳುತ್ತದೆ. ಅಂಗೈಯನ್ನು ಟ್ರೆಡ್ ಮೇಲೆ ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಾಗೆ ಚುಚ್ಚಿದರೆ ಅದು ಟೋ.

ಅಲೈನ್‌ಮೆಂಟ್ ಮಾಡುವಾಗ ನಾಲ್ಕೂ ಚಕ್ರದ್ದು ಆಗಬೇಕು. ‘ಮುಂದಿನ ಟೋ ಮಾತ್ರ ಸರಿ ಮಾಡಿದ್ದೇವೆ’ ಅಂದರೆ ಆ ಬಿಲ್ಲಿಗೆ ಬೆಲೆ ಇಲ್ಲ. ಯಂತ್ರದಲ್ಲಿ ಇದೇ ಮಾಡೆಲಿನ ಅಂಕಿ ಇದೆಯಾ ಅಂತ ಫೋನ್ ಮಾಡಿ ಕೇಳಿ. ಮೊದಲು ಮತ್ತು ನಂತರದ ಪ್ರಿಂಟ್ ಎರಡೂ ತಗೊಳ್ಳಿ. ಅದಕ್ಕೂ ಮುಂಚೆ ಹಿಂದಿನ ಸಸ್ಪೆನ್ಷನ್ ತೋಳುಗಳ ಬುಷ್ (ಕೀಲಿನ ರಬ್ಬರ್) ಸಡಿಲ ಇದೆಯಾ ನೋಡಿಸಿ. ಸಡಿಲ ಇದ್ದರೆ ನಿಂತಾಗ ಅಂಕಿ ಸರಿ ಬರುತ್ತದೆ, ಓಡುವಾಗ ಮತ್ತೆ ತಪ್ಪುತ್ತದೆ.

ಹೊಸ ಟಯರ್ ಹಾಕಿದ ಮೇಲೆ ಅಲೈನ್‌ಮೆಂಟ್, ಮುಂಚೆ ಅಲ್ಲ.

ಕಾಳಿದಂಡೆ, ಕಾರವಾರ

ಸರಿ, ನಾಲ್ಕೂ ಹಾಕ್ತೆ, ಬುಷ್ ನೋಡಿಸ್ತೆ. ರನ್‌ಫ್ಲ್ಯಾಟ್ ಬಗ್ಗೆ ಯಾರಾದರೂ ಹೇಳಿ. ಅಣಶಿ ರಸ್ತೆಯಲ್ಲಿ ರಾತ್ರಿ ಪಂಕ್ಚರ್ ಆದರೆ ಸಿಗ್ನಲ್ ಕೂಡ ಇರುವುದಿಲ್ಲ.

ಬೇಲೆಕೇರಿ ಬಂದರು, ಅಂಕೋಲಾ

ನನ್ನ ಮತ ರನ್‌ಫ್ಲ್ಯಾಟ್ ಬೇಡ. ಗೋಡೆ ದಪ್ಪ, ತೂಕ ಹೆಚ್ಚು, ಗುಂಡಿಯ ಏಟು ನೇರ ರಿಮ್ಮಿಗೆ. ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ ಹೊಸ ಮಾದರಿಗಳು ಮೊದಲು ಸಿಗುವುದು ಮಾಮೂಲಿ ಗೋಡೆಯಲ್ಲೇ. ಗಾಳಿ ಪೂರ್ತಿ ಹೋದ ಮೇಲೆ ರನ್‌ಫ್ಲ್ಯಾಟ್ ಓಡುವುದು ಗಂಟೆಗೆ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಹಾಗೆ ಓಡಿದ ಟಯರನ್ನು ಮತ್ತೆ ರಿಪೇರಿ ಮಾಡುವುದು ಜೂಜು, ಒಳಗೋಡೆ ಬೆಂದಿರುತ್ತದೆ.

ಸದಾಶಿವಗಡ

ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ ಮಾರಾಯ್ರೇ. ಕದ್ರಾದಿಂದ ಜೊಯಿಡಾ ತನಕ ಮಳೆಯಲ್ಲಿ, ಕತ್ತಲಲ್ಲಿ, ಪಕ್ಕಕ್ಕೆ ನಿಲ್ಲಿಸಲು ಜಾಗವೇ ಇಲ್ಲದ ತಿರುವಿನಲ್ಲಿ ಜ್ಯಾಕ್ ಹಾಕುವುದಕ್ಕಿಂತ 80 ಕಿ.ಮೀ. ಓಡುವ ಟಯರ್ ಮೇಲು. ಮನೆಯವರೂ ಓಡಿಸುವ ಗಾಡಿ ಆಗಿದ್ದರೆ ಇನ್ನೂ ಯೋಚಿಸಬೇಕು.

ಘಟ್ಟದ ಹೆಗಡೆ, ಶಿರಸಿ

ಸದಾಶಿವಗಡದವರ ಮಾತಿನಲ್ಲಿ ತೂಕ ಇದೆ, ಆದರೆ ಇವರ ಓಡಾಟ ದಿನಾ ಅಣಶಿ ಅಲ್ಲ. ಮಾಮೂಲಿ ಟಯರ್ ಹಾಕಿದರೆ ಡಿಕ್ಕಿಯಲ್ಲಿ ಇರಬೇಕಾದ್ದು: 12 ವೋಲ್ಟ್ ಕಂಪ್ರೆಸರ್, ಟ್ಯೂಬ್‌ಲೆಸ್ ದಾರದ ಕಿಟ್, ಟಾರ್ಚ್, ಈ ಗಾಡಿಯ ಬೋಲ್ಟ್ ಬಿಚ್ಚುವ ಉದ್ದ ಹಿಡಿಯ ಪಾನಾ. ಸ್ಟೆಪ್ನಿ ಇದ್ದರೆ ಅದರ ಗಾಳಿಯನ್ನೂ ಈಗಲೇ ನೋಡಿ. ಸಣ್ಣ ಸ್ಟೆಪ್ನಿ 80ರ ವೇಗ ಮೀರಬಾರದು. ಎಕ್ಸ್‌ಡ್ರೈವ್‌ನಲ್ಲಿ ಅದನ್ನು ಹಾಕಿಕೊಂಡು ಹುಬ್ಬಳ್ಳಿವರೆಗೆ ಹೋಗುವ ಯೋಚನೆ ಬೇಡ, ಹತ್ತಿರದ ಅಂಗಡಿವರೆಗೆ ಸಾಕು.

ಬಾಟಲಿ ಸೀಲಂಟ್ ಕೊನೆಯ ಉಪಾಯ. 6 ಮಿ.ಮೀ.ಗಿಂತ ದೊಡ್ಡ ತೂತು, ಪಕ್ಕದ ಗೋಡೆಯ ಸೀಳು ಎರಡಕ್ಕೂ ಅದು ಆಗುವುದಿಲ್ಲ. ಗಾಳಿ ಒತ್ತಡದ ಸೆನ್ಸರಿಗೂ ಮೆತ್ತಿಕೊಳ್ಳುತ್ತದೆ. ಶಬ್ದ ತಗ್ಗಿಸಲು ಒಳಗೆ ಸ್ಪಂಜು ಅಂಟಿಸಿದ ಟಯರ್ ಆಗಿದ್ದರಂತೂ ಸ್ಪಂಜೇ ಸೀಲಂಟ್ ಕುಡಿದುಬಿಡುತ್ತದೆ. ಪಂಕ್ಚರ್ ಹಾಕುವವರಿಗೂ ಆ ಸ್ಪಂಜು ಕತ್ತರಿಸಿಯೇ ಪ್ಯಾಚ್ ಕೂರಿಸಬೇಕು. ನಮ್ಮ ಕಡೆಗೆ ಸ್ಪಂಜಿಲ್ಲದ್ದನ್ನೇ ಕೇಳಿ ತಗೊಳ್ಳಿ.

ದಾರದ ಪಂಕ್ಚರ್ ಮನೆ ಸೇರಲು. ಆಮೇಲೆ ಟಯರ್ ಬಿಚ್ಚಿಸಿ, ಅಣಬೆ ಆಕಾರದ ಪ್ಲಗ್-ಪ್ಯಾಚ್ ಒಳಗಿನಿಂದ ಹಾಕಿಸಿ. ಅದೂ ಟ್ರೆಡ್‌ನ ನಡುಭಾಗದಲ್ಲಿ ಮಾತ್ರ. ಭುಜದ ಹತ್ತಿರ ಮೊಳೆ ಹೊಕ್ಕಿದ್ದರೆ ಆ ಟಯರ್ ಮುಗಿಯಿತು.

ಕಾಳಿದಂಡೆ, ಕಾರವಾರ

ಹಾಗಾದರೆ ಮಾಮೂಲಿ ಗೋಡೆ. ಈಗ ಮಾದರಿ. ನನ್ನ ಪಟ್ಟಿಯಲ್ಲಿರುವುದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಪೈಲಟ್ ಸ್ಪೋರ್ಟ್ 5, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6. ಸ್ವಲ್ಪ ಅಗ್ಗಕ್ಕೆ ಕಾಂಟಿ ಎಂಸಿ7, ಅಪೊಲೊದವರ ವ್ರೆಡೆಸ್ಟೈನ್ ಅಲ್ಟ್ರಾಕ್ ವೋರ್ಟಿ.

ಘಟ್ಟದ ಹೆಗಡೆ, ಶಿರಸಿ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ಒದ್ದೆ ಬ್ರೇಕು, ನೀರಿನ ಮೇಲೆ ತೇಲದೆ ಇರುವುದು, ಈ ಎರಡನ್ನೇ ಮೇಲೆ ಇಟ್ಟು ನೋಡಿ. ಇವೆರಡು ಒಂದೇ ಗುಣ ಅಲ್ಲ. ತೆಳು ನೀರಿನಲ್ಲಿ ಹಿಡಿಯುವುದು ರಬ್ಬರು. ಬೆರಳು ದಪ್ಪ ನಿಂತ ನೀರಿನಲ್ಲಿ ಕೆಲಸ ಮಾಡುವುದು ಟ್ರೆಡ್‌ನ ಅಗಲ ಕಾಲುವೆಗಳು, ಅವುಗಳ ಆಳ, ಗಾಳಿಯ ಒತ್ತಡ.

ಪೈಲಟ್ ಸ್ಪೋರ್ಟ್ 4ಎಸ್: ಎಲ್ಲದರಲ್ಲೂ ಸಮ, ಮಿತಿ ಹತ್ತಿರ ಬಂದಾಗ ಮೊದಲೇ ತಿಳಿಸುತ್ತದೆ, ಈ ಜಾತಿಯಲ್ಲಿ ಬಾಳಿಕೆ ಹೆಚ್ಚು. ಸ್ಪೋರ್ಟ್‌ಕಾಂಟ್ಯಾಕ್ಟ್ 7 ಬಂದದ್ದು 2021ರಲ್ಲಿ. ಒದ್ದೆ ಬ್ರೇಕಿನಲ್ಲಿ ನನ್ನ ಮೊದಲ ಆಯ್ಕೆ ಅದೇ. ಪೊಟೆನ್ಜಾ ಸ್ಪೋರ್ಟ್ ಕೂಡ ಅದೇ ವರ್ಷದ್ದು, ಸ್ಟೀರಿಂಗ್ ಬಹಳ ಚುರುಕು, ಒದ್ದೆಯಲ್ಲೂ ಚೆನ್ನ, ಆದರೆ ಬೇಗ ಸವೆಯುತ್ತದೆ. ಸವೆದಷ್ಟೂ ಕಾಲುವೆ ಆಳ ಹೋಯಿತು, ಅಂದರೆ ಎರಡನೇ ಮಳೆಗಾಲಕ್ಕೆ ನಷ್ಟ. ಅಸಿಮೆಟ್ರಿಕ್ 6 ಸ್ವಲ್ಪ ಮೆತ್ತಗೆ, ನಮ್ಮ ರಸ್ತೆಗೆ ಅದು ದೋಷವಲ್ಲ. ಪೈಲಟ್ ಸ್ಪೋರ್ಟ್ 5 ಹಳೆಯ ಪೈಲಟ್ ಸ್ಪೋರ್ಟ್ 4ರ ಜಾಗಕ್ಕೆ ಬಂದದ್ದು, 4ಎಸ್‌ನ ಜಾಗಕ್ಕಲ್ಲ. ದಿನದ ಬಳಕೆಗೆ ಅದು ಸಾಕು, 4ಎಸ್ ಸಿಗದಿದ್ದರೆ ಬೇಸರ ಬೇಡ. ಎಂಸಿ7, ವೋರ್ಟಿ ಕೆಟ್ಟವಲ್ಲ, ಆದರೆ 500 ಎನ್‌ಎಂ ಗಾಡಿಗೆ ಮೊದಲ ಸಾಲಿನಿಂದ ಒಂದು ಮೆಟ್ಟಿಲು ಕೆಳಗೆ.

ನನ್ನ ಕ್ರಮ: ಸ್ಪೋರ್ಟ್‌ಕಾಂಟ್ಯಾಕ್ಟ್ 7, ಇಲ್ಲದಿದ್ದರೆ 4ಎಸ್, ಆಮೇಲೆ ಅಸಿಮೆಟ್ರಿಕ್ 6.

ತೀರದ ನಾಯ್ಕ, ಕುಮಟಾ

ನಾನು 4ಎಸ್ ಮೇಲೆ ಇಡ್ತೆ. ಬ್ರೇಕಿನಲ್ಲಿ ಅರ್ಧ ಮೀಟರ್ ಗೆದ್ದರೂ ಎರಡನೇ ಮಳೆಗಾಲದಲ್ಲಿ ಟ್ರೆಡ್ ಉಳಿದಿರುವುದು ಮುಖ್ಯ. ಆದರೆ ಯಾವುದೇ ಆದರೂ ನಾಲ್ಕೂ ಒಂದೇ ಮಾದರಿ, ಮುಂದೆ ಒಂದು ಹಿಂದೆ ಒಂದು ಬೇಡ.

ಗೋಡೆ ಮೇಲಿನ ಟ್ರೆಡ್‌ವೇರ್ (ಬಾಳಿಕೆಯ) ಅಂಕಿ ನೋಡಿ ಮರುಳಾಗಬೇಡಿ. 4ಎಸ್‌ಗೆ 300 ಅಂತ ಇದೆ. ಆ ಅಂಕಿಯನ್ನು ಕೊಡುವುದು ತಯಾರಕರೇ, ಬೇರೆ ಕಂಪನಿಯದ್ದರ ಜೊತೆ ನೇರ ಹೋಲಿಸಲು ಬರುವುದಿಲ್ಲ. ಅದರ ಪಕ್ಕದ ‘ಎಎ’ ಟ್ರ್ಯಾಕ್ಷನ್ ದರ್ಜೆ ಒದ್ದೆಯಲ್ಲಿ ನೇರ ಬ್ರೇಕಿಗೆ ಮಾತ್ರ ಸಂಬಂಧಿಸಿದ್ದು, ತಿರುವಿಗೂ ತೇಲುವುದಕ್ಕೂ ಅಲ್ಲ.

ಸದಾಶಿವಗಡ

ಸೈಜ್ ಸ್ವಲ್ಪ ಬದಲಿಸಿ ಎತ್ತರದ ಗೋಡೆ ಹಾಕಿದರೆ ಗುಂಡಿಗೆ ಒಳ್ಳೆಯದಲ್ಲವಾ? ಮುಂದೆ 225/50 ಹಾಕಿದರೆ?

ಘಟ್ಟದ ಹೆಗಡೆ, ಶಿರಸಿ

ಈ ಗಾಡಿಗೆ ಬೇಡವೇ ಬೇಡ. 225/50 ಆರ್18ರ ವ್ಯಾಸ 682.2 ಮಿ.ಮೀ. ಹಿಂದಿನದಕ್ಕಿಂತ ಶೇ. 3ಕ್ಕೂ ಹೆಚ್ಚು. ಮೇಲೆ ಹೇಳಿದ ಕ್ಲಚ್ ಕಥೆಯೇ. 235/45 ಹಾಕಿದರೂ ಶೇ. 1.1 ಬರುತ್ತದೆ, ಮಿತಿಯ ಆಚೆ. ಹಿಂದೆ 245/40 ಹಾಕಿದರೆ ವ್ಯಾಸ 653.2ಕ್ಕೆ ಇಳಿದು ಮುಂದಿನದಕ್ಕಿಂತ ಶೇ. 1 ಚಿಕ್ಕದಾಗುತ್ತದೆ, ಜೊತೆಗೆ ಹೊರುವ ಶಕ್ತಿಯೂ ಇಳಿಯುತ್ತದೆ. 19 ಇಂಚಿಗೆ ಹೋಗಬೇಡಿ, 18ರಲ್ಲಿ ಗೋಡೆ 101–102 ಮಿ.ಮೀ. ಇದೆ, ಅದೇ ನಮ್ಮ ರಸ್ತೆಗೆ ಕನಿಷ್ಠ.

ಬಿಲ್ ಮಾಡಿಸುವಾಗ ಸೈಜಿನ ನಂತರ ಬರುವ ಅಂಕಿ, ಅಕ್ಷರ ಓದಿ. ಮುಂದೆ 95 ವೈ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ), ಹಿಂದೆ 99 ವೈ ಎಕ್ಸ್‌ಎಲ್ ಕೇಳಿ. 95 ಅಂದರೆ ಒಂದು ಟಯರಿಗೆ 690 ಕೆ.ಜಿ., 99 ಅಂದರೆ 775. ಅದೇ 225/45 ಆರ್18ರಲ್ಲಿ 91 ಸಂಖ್ಯೆಯದ್ದೂ ಬರುತ್ತದೆ, ಅದು 615 ಕೆ.ಜಿ. ಮಾತ್ರ. ಅಂಗಡಿಯಲ್ಲಿ ‘ಸೈಜ್ ಒಂದೇ ಸಾರ್’ ಅಂತಾರೆ, ಒಪ್ಪಬೇಡಿ. ವೈ ಅಂದರೆ 300 ಕಿ.ಮೀ. ವೇಗದ ದರ್ಜೆ. ಪಕ್ಕದಲ್ಲಿ ನಕ್ಷತ್ರದ ಗುರುತು ಇದ್ದರೆ ಅದು ಬಿಎಂಡಬ್ಲ್ಯುಗೆಂದೇ ಹೊಂದಿಸಿದ ಆವೃತ್ತಿ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಾಲ್ಕೂ ಇಲ್ಲದ್ದೇ ಆಗಿರಲಿ. ಎರಡು ನಕ್ಷತ್ರದ್ದು, ಎರಡು ಮಾಮೂಲಿ ಬೇಡ.

ಬೇಲೆಕೇರಿ ಬಂದರು, ಅಂಕೋಲಾ

ಸಿಗುವುದೇ ಕಷ್ಟ ಅನ್ನುವುದನ್ನೂ ಸೇರಿಸಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಯರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿದ ಮೇಲೆ ಪರವಾನಗಿ ಇಲ್ಲದೆ ತರುವ ಹಾಗಿಲ್ಲ. ದೊಡ್ಡ ಸೈಜುಗಳಲ್ಲಿ ಮುಂದಿನದು ಸಿಕ್ಕಿದರೆ ಹಿಂದಿನದು ಇಲ್ಲ ಅಂತಾಗುತ್ತದೆ. ಕಾರವಾರದಲ್ಲೇ ಕಾಯುವ ಬದಲು ಮಡಗಾಂವ್, ಹುಬ್ಬಳ್ಳಿ, ಮಂಗಳೂರು ಮೂರೂ ಕಡೆ ವಿಚಾರಿಸಿ. ಐಎಸ್‌ಐ ಗುರುತು ಇಲ್ಲದ ಟಯರ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ತಯಾರಾದ ದಿನಾಂಕ ಗೋಡೆ ಮೇಲೆ ನಾಲ್ಕಂಕಿಯಲ್ಲಿ ಇರುತ್ತದೆ. 1425 ಅಂದರೆ 2025ರ 14ನೇ ವಾರ. ಫೋಟೋ ಕಳಿಸಿ ಅನ್ನಿ, ನಾಲ್ಕರದ್ದೂ. ಒಂದು ವರ್ಷದೊಳಗಿನದ್ದು ಧಾರಾಳವಾಗಿ ತಗೊಳ್ಳಬಹುದು. ಎರಡು ದಾಟಿದ್ದರೆ ದರ ಇಳಿಸಿ, ಇಲ್ಲವೇ ಬಿಡಿ. ಏಪ್ರಿಲ್ ಕೊನೆಗೆ ಮುಂಗಡ ಕೊಟ್ಟಿಡಿ. ಮೇ ಕೊನೆಯಲ್ಲಿ ಎಲ್ಲರೂ ಓಡುತ್ತಾರೆ.

ಕಾಳಿದಂಡೆ, ಕಾರವಾರ

ತೇಲುವ ವಿಚಾರ ಇನ್ನೂ ಸ್ವಲ್ಪ ಬಿಡಿಸಿ. ಕಾನೂನು 1.6 ಮಿ.ಮೀ. ಅನ್ನುತ್ತದೆ. ಯಾವಾಗ ಬದಲಿಸಬೇಕು, ಗಾಳಿ ಎಷ್ಟು?

ಘಟ್ಟದ ಹೆಗಡೆ, ಶಿರಸಿ

1.6 ಕಾನೂನಿನ ತಳ, ನಮ್ಮ ಮಳೆಯ ತಳ ಅಲ್ಲ. ಮಳೆಗಾಲ ಶುರುವಾಗುವಾಗ 4 ಇರಲಿ, 3ಕ್ಕೆ ಇಳಿದರೆ ಹೆದ್ದಾರಿಗೆ ಮುಗಿಯಿತು ಅನ್ನಿ. ನಡುವೆ ಒಂದೇ ಅಲ್ಲ, ಒಳ, ನಡು, ಹೊರ ಮೂರೂ ಕಡೆ ಅಳೆಯಿರಿ.

ಗಾಳಿಗೆ ಹಳೆಯ ನಾಸಾ ಸೂತ್ರ ಒಂದಿದೆ. ವಿಮಾನದ ಟಯರಿಗೆ ಕಂಡುಕೊಂಡದ್ದು, ಟ್ರೆಡ್ ಮುಳುಗುವಷ್ಟು ನೀರಿಗೆ ಅನ್ವಯ. ತೇಲಲು ಶುರುವಾಗುವ ವೇಗ ಗಂಟೆಗೆ ಕಿ.ಮೀ.ನಲ್ಲಿ ಸುಮಾರು 16.65 ಗುಣಿಸು ಗಾಳಿ ಒತ್ತಡದ ಪಿಎಸ್‌ಐ ಅಂಕಿಯ ವರ್ಗಮೂಲ. 36 ಪಿಎಸ್‌ಐಗೆ 100, 30ಕ್ಕೆ 91, 25ಕ್ಕೆ 83. ಕಾರಿಗೆ ಇದು ಸ್ಥೂಲ ಅಂದಾಜು ಮಾತ್ರ, ಹೊಸ ಟ್ರೆಡ್ ಇದ್ದರೆ ಇನ್ನೂ ಮೇಲೆ ಹೋಗುತ್ತದೆ, ಸವೆದದ್ದು ಈ ಅಂಕಿಯ ಹತ್ತಿರಕ್ಕೇ ಬರುತ್ತದೆ. ತಿಳಿಯಬೇಕಾದ್ದು ದಿಕ್ಕು: ‘ಮಳೆಗಾಲಕ್ಕೆ ಸ್ವಲ್ಪ ಗಾಳಿ ಇಳಿಸಿ, ಹಿಡಿತ ಬರುತ್ತದೆ’ ಅನ್ನುವವರ ಮಾತು ಹೆದ್ದಾರಿಯಲ್ಲಿ ಉಲ್ಟಾ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರುವಷ್ಟು, ಟಯರ್ ತಣ್ಣಗಿದ್ದಾಗ, ಹದಿನೈದು ದಿನಕ್ಕೊಮ್ಮೆ.

ಇನ್ನೊಂದು ಸಣ್ಣ ವಿಷಯ. ತಾಪ ಸುಮಾರು 5–6 ಡಿಗ್ರಿ ಏರಿದರೆ 1 ಪಿಎಸ್‌ಐ ಏರುತ್ತದೆ. ಸಮುದ್ರ ಮಟ್ಟದಿಂದ 600 ಮೀಟರ್ ಹತ್ತಿದರೆ ಹೊರಗಿನ ವಾಯುಭಾರ ಇಳಿದು ಗೇಜ್ ಇನ್ನೊಂದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಬಿಸಿ ಟಯರಿನಲ್ಲಿ ಶಿರಸಿ ತಲುಪಿ, ಗಾಳಿ ಹೆಚ್ಚಾಯಿತು ಅಂತ ಬಿಟ್ಟರೆ ಮರುದಿನ ಕುಮಟಾದಲ್ಲಿ ಕಡಿಮೆ ಬೀಳುತ್ತದೆ.

ಬೇಲೆಕೇರಿ ಬಂದರು, ಅಂಕೋಲಾ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೀರು ನಿಲ್ಲುವ ಜಾಗ ಗೊತ್ತಿರಲಿ. ಚತುಷ್ಪಥದಲ್ಲಿ ರಸ್ತೆ ಬಲಕ್ಕೆ ತಿರುಗುವ ಕಡೆ ಓರೆ ಬಲಕ್ಕೇ ಇಳಿಯುತ್ತದೆ, ನೀರೆಲ್ಲ ಡಿವೈಡರ್ ಪಕ್ಕಕ್ಕೆ, ಅಂದರೆ ವೇಗದ ಲೇನಿಗೆ. ತಿರುವು ಶುರುವಾಗುವ ಮುಂಚೆ ಓರೆ ಬದಲಾಗುವ ಒಂದು ತುಂಡು ಪೂರ್ತಿ ಸಪಾಟು, ಅಲ್ಲಿ ನೀರು ಎತ್ತಲೂ ಹರಿಯುವುದಿಲ್ಲ. ಗುಡ್ಡ ಕಡಿದ ಕಡೆಯೆಲ್ಲ ಕೆಮ್ಮಣ್ಣಿನ ತೆಳು ಪದರ. ಮೀನು ಲಾರಿಯಿಂದ ಸುರಿದ ನೀರಿನಲ್ಲಿ ಜಿಡ್ಡಿರುತ್ತದೆ, ವಿಶೇಷವಾಗಿ ವೃತ್ತಗಳಲ್ಲಿ, ಹಂಪ್ ಹತ್ತಿರ. ಘಟ್ಟದ ಪಾಚಿಗೂ ಈ ಜಿಡ್ಡಿಗೂ ಯಾವ ಕಂಪನಿಯ ಟಯರೂ ಮದ್ದಲ್ಲ.

ತೀರದ ನಾಯ್ಕ, ಕುಮಟಾ

ಫಿಟ್ಟಿಂಗ್ ದಿನ ನೀವೇ ಪಕ್ಕದಲ್ಲಿ ನಿಂತು ನೋಡಬೇಕಾದ್ದು ಹೇಳ್ತೆ. ಹಾಳಾಗುವುದು ಹೆಚ್ಚು ಇಲ್ಲೇ.

ಜ್ಯಾಕ್ ಕೊಡುವುದು ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಕೆಳಗಿನ ನಾಲ್ಕು ಚೌಕ ಪ್ಲಾಸ್ಟಿಕ್ ಪ್ಯಾಡ್‌ಗಳಿಗೆ ಮಾತ್ರ, ಮೇಲೆ ರಬ್ಬರ್ ಗಟ್ಟಿ ಇಟ್ಟು. ಹಳೆಯ ರನ್‌ಫ್ಲ್ಯಾಟ್ ಬಿಚ್ಚಲು ಸಹಾಯಕ ತೋಳಿರುವ ಯಂತ್ರ ಬೇಕು. ಸಾದಾ ಯಂತ್ರದಲ್ಲಿ ಸಲಾಕೆ ಹಾಕಿ ಮೀಟಿದರೆ ರಿಮ್ ಅಂಚು ಕೆತ್ತಿ ಹೋಗುತ್ತದೆ, ವಾಲ್ವ್ ಪಕ್ಕ ಒತ್ತಿದರೆ ಒಳಗಿನ ಸೆನ್ಸರ್ ಮುರಿಯುತ್ತದೆ. ವಾಲ್ವ್ ಎಲ್ಲಿದೆ ಅಂತ ಮೊದಲೇ ತೋರಿಸಿ. ಸೆನ್ಸರಿನ ರಬ್ಬರ್ ಸೀಲ್, ವಾಲ್ವ್ ಕೋರ್ ಹೊಸದು ಹಾಕಿಸಿ, ಚಿಲ್ಲರೆ ಖರ್ಚು.

ಟಯರ್ ತೆಗೆದಾಗ ರಿಮ್ಮಿನಲ್ಲಿ ಬೀಡ್ (ಟಯರಿನ ಒಳ ಅಂಚು) ಕೂರುವ ಜಾಗ ನೋಡಿ. ಸಮುದ್ರದ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಏಳುತ್ತದೆ, ಬಣ್ಣ ಉಬ್ಬುತ್ತದೆ. ಅದರ ಮೇಲೇ ಕೂರಿಸಿದರೆ ವಾರಕ್ಕೆ 2–3 ಪಿಎಸ್‌ಐ ಸೋರುತ್ತದೆ, ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ. ನಯ ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ ಒರೆಸಿ, ಬೀಡ್‌ಗೆ ಟಯರ್ ಪೇಸ್ಟ್ ಹಚ್ಚಬೇಕು. ಸೋಪಿನ ನೀರು ಒಳಗೆ ಉಳಿದು ಮತ್ತೆ ಅದೇ ತುಕ್ಕು. ಎಂಜಿನ್ ಎಣ್ಣೆ ಹಚ್ಚುವ ಅಂಗಡಿಯಿಂದ ಎದ್ದು ಬನ್ನಿ.

ಈ ಟಯರ್‌ಗಳ ಟ್ರೆಡ್ ಒಳಗೊಂದು ಹೊರಗೊಂದು ಥರ. ‘ಔಟ್‌ಸೈಡ್’ ಅಂತ ಬರೆದದ್ದು ನಾಲ್ಕರಲ್ಲೂ ಹೊರಗೆ ಕಾಣಬೇಕು. ಬ್ಯಾಲೆನ್ಸಿಂಗ್ ತೂಕ ರಿಮ್ ಒಳಗೆ ಅಂಟಿಸುವಂಥದ್ದು, ಅಂಟಿಸುವ ಜಾಗ ಒಣಗಿರಬೇಕು. 80ರಿಂದ 110ರ ನಡುವೆ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸ್ ಮತ್ತೆ ಮಾಡಿಸಿ. ಹಬ್ ಮುಖದ ತುಕ್ಕು ಉಜ್ಜದೆ ಚಕ್ರ ಕೂರಿಸಿದರೂ ಅದೇ ನಡುಕ ಬರುತ್ತದೆ.

ಬೋಲ್ಟಿಗೆ 140 ಎನ್‌ಎಂ, ಎದುರುಬದುರು ಕ್ರಮದಲ್ಲಿ, ಟಾರ್ಕ್ ಪಾನಾದಿಂದ. ಗಾಳಿ ಗನ್ನಿನಲ್ಲಿ ‘ಟರ್ರ್’ ಅನ್ನಿಸಿ ಬಿಟ್ಟರೆ ಅಣಶಿಯಲ್ಲಿ ಡಿಕ್ಕಿ ಪಾನಾದಿಂದ ಬಿಚ್ಚಲಾಗುವುದಿಲ್ಲ. ಎಳೆಗೆ ಗ್ರೀಸ್ ಬೇಡ. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಸದಾಶಿವಗಡ

ನೈಟ್ರೋಜನ್?

ತೀರದ ನಾಯ್ಕ, ಕುಮಟಾ

ಗಾಳಿಯಲ್ಲೇ ಶೇ. 78 ಅದೇ ಇದೆ. ಬಿಟ್ಟಿ ಕೊಟ್ಟರೆ ಹಾಕಿಸಿ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರು ಬಸಿಯದ ಅಂಗಡಿಯ ಒದ್ದೆ ಗಾಳಿಗಿಂತ ಮೇಲು, ಅಷ್ಟೇ.

ಕಾಳಿದಂಡೆ, ಕಾರವಾರ

ವಿಚಾರಿಸಿದೆ. ಸ್ಪೋರ್ಟ್‌ಕಾಂಟ್ಯಾಕ್ಟ್ 7 ಹಿಂದಿನದು ಇದೆ, ಮುಂದಿನದಕ್ಕೆ ಯಾರೂ ತಾರೀಕು ಹೇಳುತ್ತಿಲ್ಲ. 4ಎಸ್ ಹುಬ್ಬಳ್ಳಿಯಲ್ಲಿ ನಾಲ್ಕೂ ಇದೆ, 95 ವೈ ಮತ್ತು 99 ವೈ, ಮುಂದಿನ ಎರಡಕ್ಕೂ ಹಿಂದಿನ ಎರಡಕ್ಕೂ ದಿನಾಂಕದಲ್ಲಿ ಐದು ತಿಂಗಳ ವ್ಯತ್ಯಾಸ. ನಕ್ಷತ್ರ ಯಾವುದರಲ್ಲೂ ಇಲ್ಲ.

ಘಟ್ಟದ ಹೆಗಡೆ, ಶಿರಸಿ

4ಎಸ್ ತಗೊಳ್ಳಿ, ಕಾಯಬೇಡಿ. ಒಂದೇ ಆಕ್ಸಲಿನ ಎರಡು ಒಂದೇ ಹೊತ್ತಿನದ್ದಾಗಿದ್ದರೆ ಸಾಕು, ಮುಂದೆ ಹಿಂದೆ ಐದು ತಿಂಗಳು ಲೆಕ್ಕಕ್ಕಿಲ್ಲ. ಫಿಟ್ಟಿಂಗ್, ಅಲೈನ್‌ಮೆಂಟ್ ಎರಡೂ ಹುಬ್ಬಳ್ಳಿಯಲ್ಲೇ ಮುಗಿಸಿ. ಗಾಡಿಯ ಪರದೆಯಲ್ಲಿ ಟಯರ್ ಮಾನಿಟರ್ ರೀಸೆಟ್ ಕೊಟ್ಟು ಹೊರಡಿ, ಸ್ವಲ್ಪ ದೂರ ಓಡಿದ ಮೇಲೇ ಅದು ಅಂಕಿ ಹಿಡಿಯುವುದು. ಮೊದಲ 300 ಕಿ.ಮೀ. ಮೆತ್ತಗೆ ಓಡಿಸಿ, ಅಚ್ಚಿನಿಂದ ಬಂದ ಮೇಲ್ಪದರ ಸವೆಯುವ ತನಕ ಒದ್ದೆಯಲ್ಲಿ ಹಿಡಿತ ಪೂರ್ತಿ ಬರುವುದಿಲ್ಲ. ಹಾಗಾಗಿ ಮರಳುವಾಗ ಅರೆಬೈಲ್ ಇಳಿಯುವ ಹೊತ್ತಿಗೆ ಮಳೆ ಇಲ್ಲದ ದಿನ ನೋಡಿ.

ತೀರದ ನಾಯ್ಕ, ಕುಮಟಾ

ಹಳೆಯ ನಾಲ್ಕರಲ್ಲಿ ಮುಂದಿನ ಎರಡನ್ನು ‘ಸ್ಟೆಪ್ನಿಗೆ ಇರಲಿ’ ಅಂತ ತರಬೇಡಿ, 3.5ರ ರನ್‌ಫ್ಲ್ಯಾಟ್ ಹೊಸ 4ಎಸ್ ಜೊತೆ ಒಂದೇ ಆಕ್ಸಲಿನಲ್ಲಿ ಕೂರುವುದಿಲ್ಲ. ಅಂಗಡಿಯಲ್ಲೇ ಹಳೆಯದಕ್ಕೆ ದರ ಕೇಳಿ ಬಿಲ್ಲಿನಲ್ಲಿ ಕಳೆಸಿಕೊಳ್ಳಿ.